ಬಣ್ಣ ಕಳಚದ ಹುಲಿ: ‘ಗರುಡ ಗಮನ ವೃಷಭ ವಾಹನ’ ಮತ್ತು ಅದರ ವಿಮರ್ಶೆ

2021ರ ನವೆಂಬರ್ 19ರಂದು ತೆರೆಕಂಡ ‘ಗರುಡ ಗಮನ ವೃಷಭ ವಾಹನ’ ಅಲ್ಪ ಬಂಡವಾಳದಲ್ಲಿ ತಯಾರಾದ ಕನ್ನಡ ಚಿತ್ರ. ಅದನ್ನು ಬರೆದು ನಿರ್ದೇಶಿಸಿದವರು ರಾಜ್ ಬಿ. ಶೆಟ್ಟಿ. ಶಿವನ ಪಾತ್ರವನ್ನು ಅವರೇ ವಹಿಸಿದ್ದಾರೆ. ಹರಿಯಾಗಿ ರಿಷಬ್ ಶೆಟ್ಟಿ, ಪೊಲೀಸ್ ಅಧಿಕಾರಿ ಬ್ರಹ್ಮಯ್ಯನಾಗಿ ಗೋಪಾಲಕೃಷ್ಣ ದೇಶಪಾಂಡೆ ಅಭಿನಯಿಸಿದ್ದಾರೆ. ಪ್ರವೀಣ್ ಶ್ರಿಯಾನ್ ಅವರ ಛಾಯಾಗ್ರಹಣ ಮತ್ತು ಮಿಥುನ್ ಮುಕುಂದನ್ ಅವರ ಸಂಗೀತ ಚಿತ್ರಕ್ಕಿವೆ. ಮಂಗಳೂರಿನ ಮಂಗಳಾದೇವಿ ಪರಿಸರದಲ್ಲಿ ಬೆಳೆದ ಇಬ್ಬರು ಗೆಳೆಯರು ರೌಡಿಗಳಾಗಿ ತಲೆಯೆತ್ತಿ, ಅಧಿಕಾರಸ್ಥರ ಕಣ್ಣು ಕುಕ್ಕಿ, ಕೊನೆಗೆ ಪರಸ್ಪರ ಎದುರಾಳಿಗಳಾಗಿ ಅಳಿಯುವುದು ಇದರ ಕಥಾವಸ್ತು. ಹೀಗೆ ಹೇಳಿದರೆ ಭೂಗತ ಲೋಕದ ನೂರಾರು ಚಿತ್ರಗಳ ಕಥೆಯೂ ಇದೇ ಎನಿಸಬಹುದು. ಆದರೆ ಈ ಚಿತ್ರವು ತನ್ನ ಕಥೆಯನ್ನು ಕಟ್ಟಿರುವುದು ಎರಡು ಭಿನ್ನ ಜನಪದ ಪರಂಪರೆಗಳಿಂದ ಎರವಲು ತಂದ ಸಾಮಗ್ರಿಯ ಮೇಲೆ. ಒಂದು ತುಳುನಾಡಿನ ಹುಲಿವೇಷ, ಇನ್ನೊಂದು ಚಾಮರಾಜನಗರ ಸೀಮೆಯ ಮಲೆಯ ಮಾದೇಶ್ವರನ ಹಾಡು. ಚಿತ್ರದ ಬಗೆಗೆ ಬಂದ ವಿಮರ್ಶೆಯು ಈ ಸಾಮಗ್ರಿಯನ್ನು ಹೇಗೆ ಕಂಡಿತು, ಕಾಣಬೇಕಾಗಿದ್ದನ್ನು ಎಲ್ಲಿ ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಚಲನಚಿತ್ರದಲ್ಲಿ ರೌಡಿ ಲೋಕದ ಕಥನಕ್ಕೆ ತನ್ನದೇ ಆದ ಚರಿತ್ರೆಯಿದೆ. ಉಪೇಂದ್ರ ನಿರ್ದೇಶಿಸಿದ ‘ಓಂ’ (1995) ಆ ಚರಿತ್ರೆಯ ದೊಡ್ಡ ಮೈಲಿಗಲ್ಲು. ನಿಜಜೀವನದ ರೌಡಿಗಳನ್ನೇ ತೆರೆಯ ಮೇಲೆ ತಂದು, ಬೆಂಗಳೂರಿನ ಬೀದಿಯ ಭಾಷೆಯನ್ನು ಮಧ್ಯಮವರ್ಗದ ಪ್ರೇಕ್ಷಕನ ಕಿವಿಗೆ ಮುಟ್ಟಿಸಿದ ಚಿತ್ರವದು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆತ್ಮಕಥನವನ್ನು ಆಧರಿಸಿ ಕೆ. ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’ (2007) ಅದೇ ಲೋಕವನ್ನು ದಾಖಲೆಯ ಸಂಯಮದಿಂದ ನೋಡಿತು. ಈ ಎರಡರ ನಡುವೆ ಬಂದ ಪ್ರೇಮ್ ನಿರ್ದೇಶನದ ‘ಜೋಗಿ’ (2005) ಇಲ್ಲಿನ ಚರ್ಚೆಗೆ ಹೆಚ್ಚು ಹತ್ತಿರವಾದುದು. ಅದರ ನಾಯಕನ ಹೆಸರು ಮಾದೇಶ. ಹಳ್ಳಿಯಿಂದ ಬೆಂಗಳೂರಿಗೆ ಬಂದು ಲಾಂಗು ಹಿಡಿಯುವ ಆ ಯುವಕನ ಕಥೆಯಲ್ಲಿ ಏಳುಮಲೆಯ ಮಾದಪ್ಪನ ಮೇಲೊಂದು ಹಾಡಿದೆ. ಅಂದರೆ ಮಾದಪ್ಪನು ರೌಡಿ ಚಿತ್ರದೊಳಗೆ ಕಾಲಿಟ್ಟದ್ದು 2021ರಲ್ಲಲ್ಲ. ಅದಕ್ಕೆ ಹದಿನಾರು ವರ್ಷಗಳ ಹಿಂದೆಯೇ. ಕರಾವಳಿಯ ಕಡೆಯಿಂದ ನೋಡಿದರೆ, ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಮಲ್ಪೆಯ ಬಂದರು, ಕೃಷ್ಣಾಷ್ಟಮಿಯ ಹುಲಿವೇಷ ಮತ್ತು ಅಪರಾಧ ಕಥನವನ್ನು ಒಟ್ಟಿಗೆ ನೇಯ್ದಿತ್ತು. ಈ ಎರಡು ದಾರಿಗಳು ಕೂಡುವ ಸ್ಥಳದಲ್ಲಿ ‘ಗರುಡ ಗಮನ ವೃಷಭ ವಾಹನ’ ನಿಂತಿದೆ. ಇದನ್ನು ಮುಂಬಯಿಯ ‘ಸತ್ಯ’ (1998) ಮುಂತಾದ ಹಿಂದಿ ಚಿತ್ರಗಳ ಪಕ್ಕದಲ್ಲಿಟ್ಟು ನೋಡುವ ರೂಢಿಯು ಮನೆಯ ಹಿತ್ತಲನ್ನು ನೋಡದೆ ಪರವೂರಿನ ತೋಟವನ್ನು ವರ್ಣಿಸಿದಂತಾಗುತ್ತದೆ.

ಚಿತ್ರಕ್ಕೆ ದೊರೆತ ಸ್ವೀಕೃತಿ ಬಹುಮಟ್ಟಿಗೆ ಪ್ರಶಂಸೆಯದು. ಆ ಪ್ರಶಂಸೆಯು ಮುಖ್ಯವಾಗಿ ಮೂರು ನೆಲೆಗಳಲ್ಲಿ ನಿಂತಿತ್ತು. ಚಿತ್ರದ ಶೀರ್ಷಿಕೆ ಮತ್ತು ಪಾತ್ರಗಳ ಹೆಸರುಗಳಿಂದ ಹೊರಡುವ ತ್ರಿಮೂರ್ತಿ ರೂಪಕವು ಮೊದಲನೆಯದು. ಶಿವನು ಕೊಲೆಯ ನಂತರ ಮಳೆಯಲ್ಲಿ ಹುಲಿಯ ಹೆಜ್ಜೆ ಹಾಕಿ ಕುಣಿಯುವ ದೃಶ್ಯ ಎರಡನೆಯದು. ಚಿತ್ರದ ಬಗೆಗೆ ಮಾತಾಡಿದ ಬಹುತೇಕ ಎಲ್ಲರೂ ಆ ದೃಶ್ಯವನ್ನು ನೆನೆದಿದ್ದಾರೆ. ಮಂಗಳೂರಿನ ‘ನೆಲದ ಸೊಗಡು’ ಎಂಬ ಮಾತು ಮೂರನೆಯದು. ಆಕ್ಷೇಪಗಳೂ ಇದ್ದವು. ಹಿಂಸೆ ಅತಿಯಾಯಿತು, ರೌಡಿಸಂ ವೈಭವೀಕರಣಗೊಂಡಿತು, ಹೆಣ್ಣು ಪಾತ್ರಗಳೇ ಇಲ್ಲವಾದವು ಎಂಬವು ಇಂಥ ಚಿತ್ರಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ಮಾತುಗಳು. ಇವುಗಳಿಗಿಂತ ಬೇರೆಯಾದ ಒಂದು ಆಕ್ಷೇಪವು ಮಾದಪ್ಪನ ಭಕ್ತರ ಕಡೆಯಿಂದ ಬಂದಿತು. ‘ಸೋಜುಗಾದ ಸೂಜುಮಲ್ಲಿಗೆ’ ಎಂಬ ಭಕ್ತಿಯ ಹಾಡನ್ನು ರಕ್ತಸಿಕ್ತ ಸನ್ನಿವೇಶಕ್ಕೆ ಬಳಸಿಕೊಂಡದ್ದು ತಪ್ಪು ಎಂಬುದು ಅದರ ತಿರುಳು. ಚಿತ್ರವಿಮರ್ಶೆಯು ಈ ಆಕ್ಷೇಪವನ್ನು ಭಾವನೆಗಳಿಗೆ ಧಕ್ಕೆಯಾದ ಮತ್ತೊಂದು ಪ್ರಕರಣವೆಂದು ಬದಿಗಿರಿಸಿತು. ಪ್ರಶಂಸೆಯು ಜನಪದವನ್ನು ಅಲಂಕಾರವೆಂದು ಕಂಡರೆ, ಆಕ್ಷೇಪವು ಅದನ್ನು ಮುಟ್ಟಬಾರದ ಆಸ್ತಿಯೆಂದು ಕಂಡಿತು. ಎರಡೂ ಕಡೆ ಕೈಬಿಟ್ಟುಹೋದ ಪ್ರಶ್ನೆಯೆಂದರೆ, ಹುಲಿಯ ಹೆಜ್ಜೆ ಮತ್ತು ಮಾದಪ್ಪನ ಹಾಡು ಆ ದೃಶ್ಯದಲ್ಲಿ ಏನು ಕೆಲಸ ಮಾಡುತ್ತಿವೆ ಎಂಬುದು.

ಮೊದಲು ಹಾಡನ್ನು ನೋಡಬಹುದು. ಮಿಥುನ್ ಮುಕುಂದನ್ ಅವರ ಸಂಯೋಜನೆಯಲ್ಲಿ ಚೈತ್ರಾ ಜೆ. ಆಚಾರ್ ಇದನ್ನು ಹಾಡಿದ್ದಾರೆ. ಹಾಡಿನ ಒಳಗಿರುವುದು ಬೆಟ್ಟಕ್ಕೆ ಹೊರಟ ಒಕ್ಕಲಿನವರ ಮಾತು: ದೇವರ ಮುಡಿಗೇರುವ ಹೂಗಳ ಹೆಸರು, ಬೆಳಗಿಟ್ಟ ಪಾತ್ರೆ, ಕಾಸಿದ ತುಪ್ಪ, ತಂದ ಹಣ್ಣು, ಬೆಟ್ಟ ಹತ್ತುವವರು ಹಟ್ಟಿಯ ಹಂಬಲವನ್ನು ಮರೆಯುವ ಸಂಗತಿ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಯ ಜಾತ್ರೆಗಳಿಗೆ ತಾಳುಬೆಟ್ಟದ ದಾರಿಯಲ್ಲಿ ನಡೆದು ಹೋಗುವ ಯಾತ್ರಿಕನ ದಣಿವು ಮತ್ತು ಹಗುರ ಎರಡೂ ಆ ಸಾಲುಗಳಲ್ಲಿವೆ. ಚಿತ್ರಕ್ಕೆ ಮುಂಚೆಯೇ ಈ ಹಾಡು ಅನನ್ಯ ಭಟ್ ಅವರ ಕಂಠದಲ್ಲಿ ವೇದಿಕೆಯ ಹಾಡಾಗಿ ಕರ್ನಾಟಕದ ಹೊರಗೂ ಪ್ರಸಿದ್ಧವಾಗಿತ್ತು. ಕಂಸಾಳೆಯವರ ಮೇಳದಿಂದ ಧ್ವನಿಸುರುಳಿಗೆ, ಧ್ವನಿಸುರುಳಿಯಿಂದ ಮಹಾನಗರದ ವೇದಿಕೆಗೆ, ಅಲ್ಲಿಂದ ಸಿನಿಮಾಕ್ಕೆ ಜನಪದ ಗೀತೆಗಳು ಸಾಗಿಬಂದ ಹಾದಿ ಐದು ದಶಕಗಳಷ್ಟು ಹಳೆಯದು. ಸ್ಥಾನಾಂತರವೇ ಅಪಚಾರವೆಂದರೆ ಆ ಹಾದಿಯನ್ನೆಲ್ಲ ಅಳಿಸಬೇಕಾಗುತ್ತದೆ.

ಮಾದೇಶ್ವರನ ಪರಂಪರೆಯಲ್ಲಿ ಹಿಂಸೆಗೆ ಸ್ಥಳವೇ ಇಲ್ಲವೆಂಬ ಭಾವನೆಯೂ ಕಾವ್ಯವನ್ನು ಕೇಳಿದವರಿಗೆ ಒಪ್ಪಿಗೆಯಾಗಲಾರದು. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ಪಠ್ಯವಾಗಲಿ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಪಠ್ಯವಾಗಲಿ, ಅಲ್ಲಿನ ಮಾದೇಶ್ವರ ಸೌಮ್ಯ ದೈವವೇನಲ್ಲ. ದೇವತೆಗಳನ್ನು ಸೆರೆಯಲ್ಲಿಟ್ಟ ಬಂಕಾಪುರಿಯ ಶ್ರವಣ ದೊರೆಯನ್ನು ಹರಳಯ್ಯ ಮಾಡಿಕೊಟ್ಟ ಪಾದರಕ್ಷೆಯ ಉಪಾಯದಿಂದ ಸಂಹರಿಸುವವನು ಅವನೇ. ಇಕ್ಕೇರಿ ದೇವಮ್ಮನ ಸೊಕ್ಕು ಮುರಿಯುವವನು, ಸಂಕಮ್ಮನಿಗೆ ಭಾಷೆ ಕೊಡೆಂದು ಚಿತ್ರಹಿಂಸೆ ಕೊಟ್ಟ ನೀಲೇಗೌಡನಿಗೆ ತಕ್ಕ ಶಾಸ್ತಿ ಮಾಡುವವನೂ ಅವನೇ. ಒಕ್ಕಲು ಪಡೆಯುವುದೆಂದರೆ ಮಾದಪ್ಪನ ಮಟ್ಟಿಗೆ ಒಲಿಸುವುದು ಮಾತ್ರವಲ್ಲ, ಮಣಿಸುವುದೂ ಹೌದು. ಜೊತೆಗೆ ಗಮನಿಸಬೇಕಾದ ಇನ್ನೊಂದು ಮುಖ್ಯ ಸಂಗತಿಯಿದೆ: ಮಾದೇಶ್ವರನ ವಾಹನ ಹುಲಿ. ಬೆಟ್ಟದಲ್ಲಿ ಬಸವ ವಾಹನದ ಸೇವೆಯೂ ಹುಲಿ ವಾಹನದ ಸೇವೆಯೂ ನಡೆಯುತ್ತವೆ. ಚಿತ್ರದ ಶೀರ್ಷಿಕೆಯು ಶಿವನನ್ನು ವೃಷಭವಾಹನನೆಂದು ಪುರಾಣದ ಮಾತಿನಲ್ಲಿ ಕರೆದರೂ, ಹುಲಿಯ ಹೆಜ್ಜೆ ಹಾಕುವ ಶಿವನ ಹಿಂದೆ ಮಾದಪ್ಪನ ಹಾಡು ಕೇಳಿದಾಗ ಅವನು ಹುಲಿಯನ್ನೇರಿದ ಇನ್ನೊಬ್ಬ ಶಿವನಾಗಿಬಿಡುತ್ತಾನೆ. ಕರಾವಳಿಯ ಕುಣಿತಕ್ಕೂ ಮಲೆಯ ಹಾಡಿಗೂ ಭೌಗೋಳಿಕವಾಗಿ ಯಾವ ನಂಟೂ ಇಲ್ಲ. ಅವೆರಡನ್ನು ಕಟ್ಟಿರುವ ಗಂಟು ಹುಲಿ. ಇದು ನಿರ್ದೇಶಕರ ಉದ್ದೇಶವೋ ಆಕಸ್ಮಿಕವೋ ಎಂಬುದು ಇಲ್ಲಿ ಮುಖ್ಯವಲ್ಲ. ಆಶಯಗಳು ಕಲೆಗಾರನ ಅರಿವಿಗಿಂತ ಹಳೆಯವು. ಅವು ಒಂದನ್ನೊಂದು ಹುಡುಕಿಕೊಂಡು ಬರುವುದನ್ನು ಜಾನಪದದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕಂಡಿದ್ದಾರೆ.

ಹಾಗಾದರೆ ಭಕ್ತರ ಆಕ್ಷೇಪದಲ್ಲಿ ಹುರುಳೇ ಇಲ್ಲವೆ? ಇದೆ, ಆದರೆ ಅದು ಅವರು ತೋರಿಸಿದ ಜಾಗದಲ್ಲಿಲ್ಲ. ಅದನ್ನು ಕಾಣಲು ಹುಲಿವೇಷದ ಆಚರಣೆಯ ಕಡೆಗೆ ಹೊರಳಬೇಕು.

ತುಳುವಿನಲ್ಲಿ ಪಿಲಿವೇಷ, ಪಿಲಿಯೇಸ, ಪಿಲಿನಲಿಕೆ ಎಂದು ಕರೆಯಲಾಗುವ ಈ ಕುಣಿತವು ಮಂಗಳೂರಿನಲ್ಲಿ ನವರಾತ್ರಿಯ ಸಂದರ್ಭದಲ್ಲಿ, ಉಡುಪಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿಯಲ್ಲಿ ಮುಖ್ಯವಾಗಿ ಕಾಣಿಸಿಕೊಳ್ಳುತ್ತದೆ. ಮೂಲತಃ ಇದು ಹರಕೆಯ ವೇಷ. ಮನೆಯಲ್ಲಿ ಕಾಯಿಲೆಯಾದಾಗಲೋ, ಮಕ್ಕಳಾಗದಿದ್ದಾಗಲೋ ಇಷ್ಟು ವರ್ಷ ಹುಲಿವೇಷ ಹಾಕುತ್ತೇನೆಂದು ದೇವಿಗೆ ಹೇಳಿಕೊಂಡವರು ಹಾಕುವ ವೇಷ. ಬಣ್ಣಕ್ಕೆ ಕೂರುವ ಮೊದಲು ಊದು ಹಾಕುವ ಪೂಜೆಯಾಗುತ್ತದೆ. ಪಟ್ಟೆಪಿಲಿ, ಚಿಟ್ಟೆಪಿಲಿ, ಕರಿಪಿಲಿಗಳೆಂದು ವೇಷಗಳಲ್ಲಿ ಭೇದಗಳುಂಟು. ತಾಸೆ ಮತ್ತು ಡೋಲಿನ ಬಡಿತಕ್ಕೆ ಹೆಜ್ಜೆಗಳಿಗೂ ಒಂದು ಕ್ರಮವಿದೆ. ಅಕ್ಕಿಮುಡಿಯನ್ನು ಹಲ್ಲಿನಿಂದ ಎತ್ತಿ ಹಿಂದಕ್ಕೆಸೆಯುವುದು, ನೆಲದ ಮೇಲಿನ ನೋಟನ್ನು ಬಾಯಿಯಿಂದ ಎತ್ತುವುದು ಕಸರತ್ತಿನ ಭಾಗಗಳು. ಹಳೆಯ ತಂಡಗಳಲ್ಲಿ ಹುಲಿಗಳ ಜೊತೆಗೆ ಕೋವಿ ಹಿಡಿದ ಬೇಟೆಗಾರನ ವೇಷವೂ ಇರುತ್ತಿತ್ತು. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕುಣಿದು, ಕೊನೆಗೆ ದೇವಿಯ ಮೆರವಣಿಗೆಯಲ್ಲಿ ಪಾಲ್ಗೊಂಡ ಮೇಲೆ ವೇಷ ಕಳಚುತ್ತದೆ. ಎನಾಮಲ್ ಬಣ್ಣ ಬಳಿಯುತ್ತಿದ್ದ ದಿನಗಳಲ್ಲಿ ಸೀಮೆಎಣ್ಣೆ ಹಾಕಿ ಉಜ್ಜಿದರೂ ಮೈಮೇಲೆ ಪಟ್ಟೆಗಳ ನೆರಳು ಕೆಲವು ದಿನ ಉಳಿಯುತ್ತಿತ್ತು. ಆದರೂ ಕಳಚುವ ಒಂದು ದಿನ ಇದ್ದೇ ಇರುತ್ತದೆ. ಹುಲಿಯಾಗುವುದಕ್ಕೆ ಒಂದು ಬಾಗಿಲು, ಮತ್ತೆ ಮನುಷ್ಯನಾಗುವುದಕ್ಕೆ ಇನ್ನೊಂದು ಬಾಗಿಲು.

ಇದೇ ತುಳುನಾಡಿನಲ್ಲಿ ಹುಲಿಗೆ ಸಂಬಂಧಿಸಿದ ಇನ್ನೊಂದು ಆಚರಣೆಯಿದೆ. ಕಾಪುವಿನಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಪಿಲಿಕೋಲದಲ್ಲಿ ಹುಲಿಯಾದವನು ನೆರೆದವರ ಬೆನ್ನಟ್ಟುತ್ತಾನೆ. ಅವನು ಮುಟ್ಟಿದವರಿಗೆ ಕೇಡು ಕಾದಿದೆ ಎಂಬುದು ನಂಬಿಕೆ. ಹುಲಿವೇಷದ ಎದುರು ಮಕ್ಕಳನ್ನು ಎತ್ತಿ ಹಿಡಿದು ನೋಡುವ ಜನವೇ ಪಿಲಿಕೋಲದಲ್ಲಿ ಜೀವ ಬಿಟ್ಟು ಓಡುತ್ತಾರೆ. ಒಂದು ನಲಿಕೆಯ ಹುಲಿ, ಇನ್ನೊಂದು ಭಯದ ಹುಲಿ. ಪಿಲಿಚಾಮುಂಡಿಯೆಂಬ ದೈವವೂ ಈ ಸಾಲಿಗೆ ಸೇರುತ್ತದೆ. ವಿಮರ್ಶೆಯ ಭಾಷೆಯಲ್ಲಿ ಇವೆಲ್ಲವೂ ‘ಕರಾವಳಿಯ ಜನಪದ ಸೊಗಡು’ ಎಂಬ ಒಂದೇ ಚೀಲಕ್ಕೆ ಬಿದ್ದವು. ಆದರೆ ಮಳೆಯಲ್ಲಿ ಕುಣಿಯುವ ಶಿವನಲ್ಲಿ ಪ್ರೇಕ್ಷಕನನ್ನು ಬೆಚ್ಚಿಸುವುದು ಇವೆರಡರ ಬೆರಕೆ. ಅವನ ಹೆಜ್ಜೆ ನಲಿಕೆಯದು. ಅವನು ಆ ಹೊತ್ತಿಗೆ ಇರುವ ಸ್ಥಿತಿ ಪಿಲಿಕೋಲದ್ದು. ಅವನು ಮುಟ್ಟಿದವರು ನಿಜವಾಗಿಯೂ ಉಳಿಯುವುದಿಲ್ಲ.

ಆ ದೃಶ್ಯದಲ್ಲಿ ಶಿವನ ಮೈಮೇಲೆ ಬಣ್ಣವಿಲ್ಲ, ಬಾಲವಿಲ್ಲ, ಮುಖವಾಡವಿಲ್ಲ. ತಾಸೆಯವರ ಮೇಳ ಕಣ್ಣೆದುರಿಗಿಲ್ಲ. ಊದಿನ ಹೊಗೆಯಿಲ್ಲ, ಹರಕೆಯಿಲ್ಲ. ಹಾಡೂ ಹಾಗೆಯೇ: ಕಂಸಾಳೆಯಿಲ್ಲ, ಗುಡ್ಡರ ಮೇಳವಿಲ್ಲ, ಬೆಟ್ಟವಿಲ್ಲ. ಮಾದಪ್ಪನ ಕಥೆ ಹಾಡುವ ದೇವರಗುಡ್ಡನು ದೀಕ್ಷೆ ಪಡೆದವನು. ಅವನ ಹಾಡಿಗೆ ಭಿಕ್ಷೆಯ, ವ್ರತದ, ವಾರದ ಕಟ್ಟುಪಾಡುಗಳಿವೆ. ಹುಲಿವೇಷದವನು ಹರಕೆ ಹೊತ್ತವನು. ಎರಡು ಪರಂಪರೆಗಳಲ್ಲಿಯೂ ಉಗ್ರತೆಗೆ ಪ್ರವೇಶವಿದೆ, ಆದರೆ ಅದಕ್ಕೆ ಚೌಕಟ್ಟೂ ಇದೆ, ಹಿಂದಿರುಗುವ ದಾರಿಯೂ ಇದೆ. ಚಿತ್ರವು ಕುಣಿತವನ್ನೂ ಹಾಡನ್ನೂ ತಂದುಕೊಂಡು ಎರಡರ ಚೌಕಟ್ಟನ್ನೂ ಹೊರಗೆ ಬಿಟ್ಟಿದೆ. ಇದನ್ನು ದೋಷವೆನ್ನುವ ಮುನ್ನ ಯೋಚಿಸಬೇಕು. ಏಕೆಂದರೆ ಚಿತ್ರ ಹೇಳಹೊರಟಿರುವುದು ಬಹುಶಃ ಇದನ್ನೇ. ಶಿವನು ವೇಷ ಕಟ್ಟದೆಯೇ ಹುಲಿಯಾದವನು. ಕಟ್ಟದ ವೇಷವನ್ನು ಕಳಚುವುದು ಹೇಗೆ? ಮಳೆ ಎಷ್ಟು ಸುರಿದರೂ ತೊಳೆದುಹೋಗುವ ಬಣ್ಣ ಅವನ ಮೇಲಿಲ್ಲ. ಭಕ್ತರು ಹಾಡಿನ ಪಾವಿತ್ರ್ಯದ ಹೆಸರಿನಲ್ಲಿ ಆಡಿದ ಮಾತಿನ ಹಿಂದೆ ಈ ಚೌಕಟ್ಟು ಮುರಿದುದರ ಅರಿವು ಅಸ್ಪಷ್ಟವಾಗಿ ಇದ್ದಿರಬೇಕು. ಹಿಂಸೆ ಬಂದುದಕ್ಕಲ್ಲ, ಹಿಂಸೆಗೆ ಇದ್ದ ಬೇಲಿ ಹೋದುದಕ್ಕೆ ಅವರು ತಳಮಳಿಸಿದರು ಎಂದು ಓದಿದರೆ ಅವರ ಆಕ್ಷೇಪವು ಚಿತ್ರವನ್ನು ಹೊಗಳಿದ ಅನೇಕ ಬರಹಗಳಿಗಿಂತ ಚಿತ್ರದ ಹತ್ತಿರಕ್ಕೆ ಬರುತ್ತದೆ.

ತ್ರಿಮೂರ್ತಿ ರೂಪಕದ ವಿಚಾರಕ್ಕೆ ಬಂದರೆ, ವಿಮರ್ಶಕರು ಇದನ್ನು ಸಂಸ್ಕೃತ ಪುರಾಣದ ನೇರ ಸಮೀಕರಣವಾಗಿ ಓದಿದರು: ಹರಿ ಎಂದರೆ ವಿಷ್ಣು, ಶಿವ ಎಂದರೆ ರುದ್ರ, ಬ್ರಹ್ಮಯ್ಯ ಎಂದರೆ ಕಥೆಯನ್ನು ಸೃಷ್ಟಿಸುವ ಬ್ರಹ್ಮ. ಶೀರ್ಷಿಕೆಯಲ್ಲಿ ಬ್ರಹ್ಮನಿಗೆ ಜಾಗವಿಲ್ಲದಿರುವುದನ್ನು ಪೂಜೆಯಿಲ್ಲದ ದೇವರೆಂಬ ಪೌರಾಣಿಕ ಕಾರಣದಿಂದ ವಿವರಿಸುವುದೂ ಸುಲಭ. ಈ ಓದು ತಪ್ಪೇನಲ್ಲ, ಹೆಸರುಗಳೇ ಅದನ್ನು ಆಹ್ವಾನಿಸುತ್ತವೆ. ಆದರೆ ಕಥೆ ನಡೆಯುವ ನೆಲದಲ್ಲಿ ಬ್ರಹ್ಮನು ಪೂಜೆಯಿಲ್ಲದವನಲ್ಲ. ತುಳುವರ ‘ಬೆರ್ಮೆರ್’ ಎಂಬ ದೈವವು ಬ್ರಹ್ಮಸ್ಥಾನಗಳಲ್ಲಿ, ಗರಡಿಗಳಲ್ಲಿ ಹಿರಿಯ ಸ್ಥಾನದಲ್ಲಿ ಪೂಜೆಗೊಳ್ಳುತ್ತದೆ. ಈ ಬೆರ್ಮೆರ್ ಪುರಾಣದ ಚತುರ್ಮುಖ ಬ್ರಹ್ಮನೇ ಅಲ್ಲವೆಂಬುದು ತುಳು ಜಾನಪದದ ಅಧ್ಯಯನದಲ್ಲಿ ಬಹುಕಾಲದಿಂದ ಚರ್ಚೆಯಾದ ಸಂಗತಿ. ಗರಡಿ ಎಂದೊಡನೆ ನೆನಪಾಗಬೇಕಾದ ಇಬ್ಬರು ಅವಳಿ ವೀರರ ಹೆಸರು ಚಿತ್ರದ ವಿಮರ್ಶೆಯಲ್ಲಿ ಮುನ್ನೆಲೆಗೆ ಬಾರದಿರುವುದು ಆಶ್ಚರ್ಯ.

ಕೋಟಿ–ಚೆನ್ನಯರ ಪಾಡ್ದನದ ಕಥಾಸ್ವರೂಪವನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಬಹುದು. ತಾಯಿ ದೇಯಿ ಬೈದೆತಿಯನ್ನು ಎಳವೆಯಲ್ಲೇ ಕಳೆದುಕೊಂಡು ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆದ ಇಬ್ಬರು ಬಾಲಕರು, ಬಾಲ್ಯದ ಆಟದಲ್ಲಿ ಹುಟ್ಟಿದ ಜಗಳ, ಗದ್ದೆಯ ವಿಚಾರದಲ್ಲಿ ಬೆಳೆದ ವೈರ, ಬುದ್ಯಂತನ ಕೊಲೆ, ಸಾಕಿದ ಅರಸು ಪಡುಮಲೆಯ ಬಲ್ಲಾಳನೇ ಹಗೆಯಾಗುವುದು, ಊರು ಬಿಟ್ಟು ಅಲೆದಾಟ, ಎಣ್ಮೂರಿನ ಯುದ್ಧದಲ್ಲಿ ಕೋಟಿಯ ಅಂತ್ಯ, ಅಣ್ಣನಿಲ್ಲದೆ ಬದುಕಲೊಲ್ಲದ ಚೆನ್ನಯನ ಸಾವು. ಚಿತ್ರದಲ್ಲಿ ಹೆತ್ತವರಾರೆಂದು ತಿಳಿಯದ ಶಿವನನ್ನು ಹರಿಯ ತಾಯಿ ಸಾಕುತ್ತಾಳೆ. ಬೆಳೆದ ಮೇಲೂ ಶಿವನು ಹುಡುಗರೊಡನೆ ಕ್ರಿಕೆಟ್ ಆಡುತ್ತಾನೆ. ಆಟದ ಮೈದಾನದ ತಂಟೆಯೂ ರಕ್ತದಲ್ಲಿ ಕೊನೆಗೊಳ್ಳುತ್ತದೆ. ಇಬ್ಬರ ಬಲ ಬೆಳೆದಂತೆ ಅಧಿಕಾರದಲ್ಲಿರುವ ಶಾಸಕನಿಗೆ ಅವರು ಬೇಡವಾಗುತ್ತಾರೆ. ಇಷ್ಟರ ಮಟ್ಟಿಗೆ ಎರಡೂ ಕಥೆಗಳ ಅಸ್ಥಿಪಂಜರ ಒಂದೇ. ಬಲವಂತರಾದ ಇಬ್ಬರು ತರುಣರನ್ನು ಆಳುವವರು ಮೊದಲು ಬಳಸಿಕೊಂಡು ಆಮೇಲೆ ಅಂಜುವ ಕಥೆ ತುಳುನಾಡಿಗೆ ಹೊಸತಲ್ಲ.

ಭಿನ್ನತೆ ಇರುವುದು ಮುಂದೆ, ಮತ್ತು ಚಿತ್ರದ ನಿಜವಾದ ಮಾತೂ ಅಲ್ಲಿದೆ. ಪಾಡ್ದನದ ಬಲ್ಲಾಳನು ಕೋಟಿ–ಚೆನ್ನಯರನ್ನು ಕೊಲ್ಲಿಸಬಲ್ಲ, ಅಗಲಿಸಲಾರ. ಚಿತ್ರದ ಪ್ರಭುತ್ವವು ಇನ್ನೂ ಚತುರವಾದುದು. ವರ್ಗವಾಗಿ ಬಂದ ಬ್ರಹ್ಮಯ್ಯನಿಗೆ ಇಬ್ಬರನ್ನು ಎದುರಿಸುವ ಶಕ್ತಿಯಿಲ್ಲ; ಅವನಿಗೆ ಗೊತ್ತಿರುವುದು ಸಂಶಯವನ್ನು ಬಿತ್ತುವುದು. ಹುಲಿವೇಷದ ತಂಡದ ಬೇಟೆಗಾರನು ಕೋವಿ ತೋರಿಸಿ ನಗಿಸುವವನು. ಈ ಬೇಟೆಗಾರ ಕೋವಿ ಎತ್ತದೆಯೇ ಹುಲಿಗಳನ್ನು ಪರಸ್ಪರ ಬೇಟೆಯಾಡಿಸುತ್ತಾನೆ. ಗೋಪಾಲಕೃಷ್ಣ ದೇಶಪಾಂಡೆಯವರ ಅಭಿನಯದಲ್ಲಿನ ಅಳುಕು, ಬೆವರು, ಕೀಳರಿಮೆಗಳು ಈ ಕಾರಣದಿಂದ ಅತ್ಯಂತ ಅರ್ಥಪೂರ್ಣ. ಆಧುನಿಕ ಪ್ರಭುತ್ವವು ವೀರನಲ್ಲ, ಅಂಜುಬುರುಕ. ಅದರ ಆಯುಧ ಲಾಂಗಲ್ಲ, ಕಥೆ. ರಾಜ್ ಬಿ. ಶೆಟ್ಟಿಯವರ ಅಭಿನಯದ ಬಗ್ಗೆ ಬರೆಯಲಾದ ಪುಟಗಳ ನಾಲ್ಕನೆಯ ಒಂದು ಭಾಗವಾದರೂ ಈ ಪಾತ್ರಕ್ಕೆ ಸಲ್ಲಬೇಕಿತ್ತು.

ಪಾಡ್ದನದ ವೀರರು ಸತ್ತ ಮೇಲೆ ಬೈದೆರ್ಕುಳಾಗಿ ಗರಡಿಗಳಲ್ಲಿ ನೆಲೆಗೊಳ್ಳುತ್ತಾರೆ. ಅನ್ಯಾಯದ ಸಾವಿಗೆ ಒಂದು ಸಮುದಾಯ ಕೊಡುವ ಉತ್ತರವದು. ಬಿಲ್ಲವ ಸಮುದಾಯದ ನೆನಪಿನಲ್ಲಿ ಆ ಸಾವು ಬಲ್ಲಾಳನ ಯಜಮಾನಿಕೆಯ ವಿರುದ್ಧದ ಸಾಕ್ಷಿಯಾಗಿ ಉಳಿದಿದೆ. ಹರಿ–ಶಿವರಿಗೆ ಗರಡಿಯಿಲ್ಲ. ಅವರು ಯಾವ ಸಮುದಾಯಕ್ಕೆ ಸೇರಿದವರೆಂಬುದನ್ನು ಚಿತ್ರ ಹೇಳುವುದಿಲ್ಲ. ಕರಾವಳಿಯ ಜಾತಿ–ಮತಗಳ ಒತ್ತಡಗಳನ್ನು ಅದು ಬಹುಪಾಲು ಹೊರಗೇ ನಿಲ್ಲಿಸಿದೆ. ಇದರಿಂದ ಕಥೆಗೆ ಪುರಾಣದ ಸಾರ್ವತ್ರಿಕತೆ ಬಂದಿರಬಹುದು, ಆದರೆ ನೆನಪಿಡುವ ಜನ ಇಲ್ಲವಾದರು. ಪುರಾಣದ ಹೆಸರುಗಳು ಇಲ್ಲಿ ಸಮುದಾಯದ ಹೆಸರುಗಳನ್ನು ಮರೆಮಾಡುವ ತೆರೆಯಾಗಿಯೂ ಕೆಲಸ ಮಾಡಿವೆ. ಇಂಥ ಮರೆಮಾಚುವಿಕೆಯನ್ನು ಚಿತ್ರದ ‘ಪೌರಾಣಿಕ ಆಳ’ವೆಂದು ಕೊಂಡಾಡುವಾಗ ವಿಮರ್ಶೆಯು ಸ್ವಲ್ಪ ತಡೆದು ನಿಲ್ಲಬೇಕಿತ್ತು.

‘ನೆಲದ ಸೊಗಡು’ ಎಂಬ ಹೊಗಳಿಕೆಗೂ ಇದೇ ಎಚ್ಚರಿಕೆ ಬೇಕು. ಪಾತ್ರಗಳು ಆಡುವುದು ಮಂಗಳೂರು ಕನ್ನಡ. ಅದನ್ನು ಸಂಭಾಷಣೆಯಲ್ಲಿ ದುಡಿಸಿಕೊಂಡಿರುವ ರೀತಿ ಸೊಗಸಾಗಿದೆ; ಹಾಸ್ಯಪಾತ್ರಗಳ ಬಾಯಲ್ಲಿ ಮಾತ್ರ ಕೇಳುತ್ತಿದ್ದ ಆ ಭಾಷೆ ಇಲ್ಲಿ ಸಾವಿನ ಮಾತಾಡುವುದು ಕನ್ನಡ ಚಿತ್ರರಂಗಕ್ಕೆ ದೊಡ್ಡ ಗಳಿಕೆ. ಆದರೆ ಮಂಗಳಾದೇವಿಯ ಓಣಿಯಲ್ಲಿ ಒಟ್ಟಿಗೆ ಬೆಳೆದ ಇಬ್ಬರು ಗೆಳೆಯರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಭಾಷೆ ಬಹುಮಟ್ಟಿಗೆ ತುಳುವಾಗಿರುತ್ತದೆ ಎಂಬುದು ಆ ಊರನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ತುಳು ಚಿತ್ರರಂಗಕ್ಕೆ 1971ರ ‘ಎನ್ನ ತಂಗಡಿ’ಯಿಂದ ಆರಂಭವಾದ ಚರಿತ್ರೆಯಿದೆ, ಆದರೆ ಅದರ ಮಾರುಕಟ್ಟೆ ಎರಡು ಜಿಲ್ಲೆಗಳ ಆಚೆಗೆ ಬಹಳ ದೂರ ಹೋಗಲಾರದು. ಅಲ್ಪ ಬಂಡವಾಳದ ಚಿತ್ರವು ಹಾಕಿದ ಹಣ ಮರಳಿ ಪಡೆಯಲು ಕನ್ನಡವನ್ನು ಆರಿಸಿಕೊಂಡದ್ದು ಅರ್ಥವಾಗುವಂಥದು. ತುಳುವಿನ ಕುಣಿತ, ತುಳುವಿನ ಊರು, ತುಳುವಿನ ಕಥಾಸ್ವರೂಪ ಎಲ್ಲವೂ ಬಂದು ತುಳು ಭಾಷೆ ಮಾತ್ರ ಹಿಂದೆ ಉಳಿಯುವುದನ್ನು ‘ಪ್ರಾದೇಶಿಕ ಅಧಿಕೃತತೆ’ ಎಂದು ಬರೆಯುವುದು ಮಾತ್ರ ಸರಿಯಾಗದು. ಹುಲಿವೇಷವು ಮಾತಿಲ್ಲದ ಕಲೆಯಾದ್ದರಿಂದಲೇ ಘಟ್ಟ ಹತ್ತುವುದು ಅದಕ್ಕೆ ಸುಲಭವಾಯಿತು ಎಂಬ ಅನುಮಾನಕ್ಕೂ ಎಡೆಯಿದೆ. ಮರುವರ್ಷ, 2022ರಲ್ಲಿ, ರಿಷಬ್ ಶೆಟ್ಟಿಯವರ ‘ಕಾಂತಾರ’ ಬಂದಾಗ ದೈವಾರಾಧನೆಯ ಸ್ವರೂಪದ ಬಗ್ಗೆ ಎದ್ದ ಸಾರ್ವಜನಿಕ ಚರ್ಚೆಯ ಬೇರುಗಳು ಈ ಚ್ಯುತಿಯಲ್ಲೂ ಇವೆ.

ಹೆಣ್ಣಿನ ಗೈರುಹಾಜರಿಯ ಆಕ್ಷೇಪವನ್ನು ಕೊನೆಯದಾಗಿ ಎತ್ತಿಕೊಳ್ಳಬಹುದು. ರೌಡಿ ಚಿತ್ರಗಳೆಲ್ಲ ಹೀಗೆಯೇ, ಗಂಡಸರ ಲೋಕವಲ್ಲವೆ ಎಂಬ ಸಮಾಧಾನ ಕೇಳಿಬರುತ್ತದೆ. ಸಿನಿಮಾ ಪ್ರಕಾರದ ಚರಿತ್ರೆಯ ಮಟ್ಟಿಗೆ ಅದು ನಿಜವಿರಬಹುದು; ಚಿತ್ರವು ಸಾಲ ತಂದ ಜನಪದದ ಮಟ್ಟಿಗೆ ನಿಜವಲ್ಲ. ಮಾದೇಶ್ವರನ ಕಾವ್ಯದಿಂದ ಸಂಕಮ್ಮನನ್ನೂ ಇಕ್ಕೇರಿ ದೇವಮ್ಮನನ್ನೂ ತೆಗೆದರೆ ಕಾವ್ಯದ ಬೆನ್ನೆಲುಬೇ ಕುಸಿಯುತ್ತದೆ. ಸಂಕಮ್ಮನ ಸಂಕಟವನ್ನು ಗುಡ್ಡರು ಹಾಡುವಾಗ ಜಾತ್ರೆಯಲ್ಲಿ ಕುಳಿತ ಹೆಂಗಸರು ಕಣ್ಣೊರೆಸಿಕೊಳ್ಳುವುದುಂಟು. ಕೋಟಿ–ಚೆನ್ನಯರ ಕಥೆ ಆರಂಭವಾಗುವುದೇ ಬಲ್ಲಾಳನಿಗೆ ಮದ್ದು ಮಾಡಿ ಬದುಕಿಸಿದ ದೇಯಿ ಬೈದೆತಿಯಿಂದ. ಅವರಿಗೆ ಕಿನ್ನಿದಾರು ಎಂಬ ಅಕ್ಕನಿದ್ದಾಳೆ. ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವನಿಗೆ ಅನ್ನವಿಟ್ಟ ಹರಿಯ ತಾಯಿಯು ಕಥೆಗೆ ಚಾಲನೆ ಕೊಟ್ಟು ಅಂಚಿಗೆ ಸರಿಯುತ್ತಾಳೆ. ಇಬ್ಬರು ಮಕ್ಕಳ ನಡುವೆ ಬಿರುಕು ಬೆಳೆಯುವ ಕಾಲಕ್ಕೆ ಅವಳಿಂದ ಬರಬಹುದಾಗಿದ್ದ ಒಂದು ಮಾತು ಬರುವುದಿಲ್ಲ. ಮೂಲದಲ್ಲಿ ಇಲ್ಲದ ಬರಡುತನವನ್ನು ಚಿತ್ರವು ಸಿನಿಮಾ ಪ್ರಕಾರದಿಂದ ಪಡೆದುಕೊಂಡಿದೆ.

ಇದು ಕಥೆ ಹೇಳುವವರು ಯಾರು ಎಂಬ ಪ್ರಶ್ನೆಯೂ ಹೌದು. ಕೋಟಿ–ಚೆನ್ನಯರ ಪಾಡ್ದನವನ್ನು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಾಡುತ್ತ ಬಂದರು. ಒಬ್ಬಳು ಸಾಲು ಎತ್ತಿದರೆ ಉಳಿದವರು ಅದನ್ನು ಮುಂದುವರಿಸುತ್ತಿದ್ದರು. ಮಾದಪ್ಪನ ಕಥೆಯನ್ನು ದೀಕ್ಷೆ ಪಡೆದ ಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಹರಿ ಮತ್ತು ಶಿವರ ಕಥೆ ಬಹುಮಟ್ಟಿಗೆ ತೆರೆದುಕೊಳ್ಳುವುದು ಬ್ರಹ್ಮಯ್ಯನ ನೋಟದ ಮೂಲಕ, ಅಂದರೆ ಅವರಿಬ್ಬರನ್ನು ಮುಗಿಸಲು ನೇಮಕಗೊಂಡ ಠಾಣೆಯ ಅಧಿಕಾರಿಯ ಮೂಲಕ.